ಮೊದಲ ಅಂಕೆ

ಇದ್ವಾಲ್ ಹೋದ ಮೂರನೇ ವಾರ
ಹಿತ್ತಲ ಷೆಡ್ಡಿನ ಬೀಗ ತೆಗೆದೆ.
ಕಲ್ಲಿದ್ದಲು ತುಂಬಲೆಂದು ಕಟ್ಟಿದ್ದು,
ಕಲ್ಲಿದ್ದಲು ಕಂಡು ಮೂವತ್ತು ವರ್ಷವಾಯಿತು.
ಒಳಗೆ ಹುಳಿ ವಾಸನೆ. ಮೂಲೆಯಲ್ಲಿ
ಅಣ್ಣನ ಹಳೇ ಸ್ವೆಟರು ತೊಟ್ಟು ಕೂತ
ಒಂದೇ ಒಂದು ಜಾಡಿ.

ಬಾಗಿಲ ಒಳಮೈ ತುಂಬ ಪೆನ್ಸಿಲ್ ಬರಹ:
ವರ್ಷ, ಹಣ್ಣು, ಮೊದಲ ಅಂಕೆ, ಕೊನೆಯ ಅಂಕೆ,
ತುದಿಯಲ್ಲಿ ಸೊನ್ನೆ ಸುತ್ತಿದ ತೀರ್ಪು.
ರೂಬಾರ್ಬ್, ಒಂಬತ್ತು.
ಪ್ಲಮ್, ಹನ್ನೊಂದು. ಮಳೆ ಜಾಸ್ತಿ, ಹಣ್ಣು ನೀರು.
ಎಲ್ಡರ್‌ಬೆರಿ, ಹನ್ನೆರಡೂವರೆ. ಪಾದ್ರಿಗೆ ಒಂದೇ ಲೋಟ.

ಗಣಿಯಲ್ಲೂ ಅವನ ಕೆಲಸ ಅಳತೆಯೇ.
ದೀಪದ ಬತ್ತಿ ತಗ್ಗಿಸಿ, ಉರಿಯ ನೆತ್ತಿಯ ನೀಲಿ ನೋಡಿ
ಈ ಸುರಂಗದ ಗಾಳಿಯಲ್ಲಿ
ಎಷ್ಟು ಸಾವಿದೆ ಅಂತ ಹೇಳುವುದು.
ಗಣಿ ಮುಚ್ಚಿತು. ಆ ಕಣ್ಣು ಮುಚ್ಚಲಿಲ್ಲ.
ಈ ಕಣಿವೆಯಲ್ಲಿ ಅಳೆಯಲು ಇನ್ನೇನು ಉಳಿದಿತ್ತು?
ಬೇಲಿಯ ಹಣ್ಣು ತಂದ, ಗಾಜಿನ ಕಡ್ಡಿ ತಂದ.

ಒಂದು ಗೇಣುದ್ದ. ಹೊಟ್ಟೆಯಲ್ಲಿ ಸೀಸದ ಗುಂಡು,
ಕೊರಳೊಳಗೆ ಸುರುಳಿ ಸುತ್ತಿದ ಅಂಕೆ.
ಸಿಹಿಯಲ್ಲಿ ತಲೆಯೆತ್ತಿ ನಿಲ್ಲುತ್ತದೆ,
ಸಿಹಿ ತೀರಿ ಅಮಲು ಬಂದಂತೆ
ದಿನಕ್ಕಿಷ್ಟು ದಿನಕ್ಕಿಷ್ಟು ಮುಳುಗುತ್ತದೆ.

ಪಕ್ಕದ ಮನೆಯ ಗೆಥಿನ್, ರಾತ್ರಿಪಾಳಿಯ ನರ್ಸು,
ಬೂಟು ಬಿಚ್ಚದೆ ಬಂದ.
'ತಿರುಗಿಸಿ ಬಿಡು ಎಲುನೆಡ್, ಗುಳ್ಳೆ ಉದುರಲಿ.
ಅಂಚಿಗೇರಿದ್ದನ್ನು ನೋಡಬೇಡ, ನಡುವಿನ ತಗ್ಗು ನೋಡು.'
ಮಂಡಿಯೂರಿ ನೋಡಿದೆ, ಚಾಪೆಲ್ಲಿನಲ್ಲೂ ಹಾಗೆ ಊರಿದವಳಲ್ಲ.
ಒಂಬೈನೂರ ತೊಂಬತ್ತಾರು.
'ಸರಿ, ಮೊದಲು ಎಷ್ಟಿತ್ತು?'

ಬಾಗಿಲ ಕೊನೆಯ ಸಾಲು: ಎಲ್ಡರ್‌ಬೆರಿ.
ಅದರ ಮುಂದೆ ಬರೀ ಮರ.
ಆ ಸೆಪ್ಟೆಂಬರಿನಲ್ಲಿ ಆಸ್ಪತ್ರೆಗೂ ಮನೆಗೂ ಓಡಾಟ,
ಅಳೆದನೋ, ಬರೆಯಲು ಮರೆತನೋ.
ಕಡ್ಡಿಗೆ ಗೊತ್ತಿರುವುದು ಎಲ್ಲಿದ್ದೇವೆ ಅಂತ ಮಾತ್ರ,
ಎಲ್ಲಿಂದ ಬಂದೆವು ಅಂತ ಅದನ್ನು ಕೇಳಿ ಫಲವಿಲ್ಲ.

ಆದರೂ ಅಳೆದೂ ಸುರಿದೂ ಕೂತೆವು.
ಗೂಡಿನಲ್ಲಿ ಸಕ್ಕರೆ ಚೀಲ ಸಿಕ್ಕವು:
ಕಿಲೋದ್ದೊಂದು ಖಾಲಿ, ಮಡಿಸಿಟ್ಟದ್ದು.
ಇನ್ನೊಂದು ಅರ್ಧ, ಬಾಯಿಗೆ ಬಟ್ಟೆ ಕ್ಲಿಪ್ಪು.
ಗೆಥಿನ್ ಲಕೋಟೆಯ ಹಿಂದೆ ಗೀಚಿದ.
'ಒಂದೂವರೆ ಕಿಲೋ, ಒಂದು ಜಾಡಿ. ಹದಿನೇಳು ಆಗಬೇಕು.
ಆಗಲ್ಲ. ಈ ಯೀಸ್ಟು ಅಷ್ಟರೊಳಗೆ ಸಾಯುತ್ತದೆ,
ಸಿಹಿ ಉಳಿಯುತ್ತದೆ. ಇಲ್ಲಿ ಒಂಚೂರೂ ಸಿಹಿಯಿಲ್ಲ.
ಇಷ್ಟು ಸಕ್ಕರೆ ಇದರೊಳಗೆ ಹೋಗಿಲ್ಲ, ಎಲುನೆಡ್.'

ಇಬ್ಬರೂ ಒಟ್ಟಿಗೇ ನೋಡಿದೆವು, ಚೀಲದ ಪಕ್ಕ
ಕಂದು ಕಲೆಯ ಮಗ್ಗು, ಒಂದು ಚಮಚ, ಕೆಟಲು.

ಎರಡು ವರ್ಷ!
ಡಾಕ್ಟರು ಬೇಡವೆಂದ ದಿನದಿಂದ
ಅವನ ಕಣ್ಣೆದುರೇ ಬಿಳಿ ಗುಳಿಗೆ ಹಾಕಿ ಕೊಡುತ್ತಿದ್ದೆ.
ಮುಖ ಹಿಂಡಿ ಕುಡಿದು,
'ಜಾಡಿ ನೋಡಿ ಬರ್ತೀನಿ' ಅಂತ ಏಳುತ್ತಿದ್ದ.
ಜಾಡಿಗೆ ಇಷ್ಟೊಂದು ಯೋಗಕ್ಷೇಮವೇ
ಅಂದುಕೊಳ್ಳುತ್ತಿದ್ದೆ.

ಬೈದೆ. ಷೆಡ್ಡಿನಲ್ಲಿ ನಿಂತು, ಜೋರಾಗಿ, ವೆಲ್ಷ್‌ನಲ್ಲಿ,
ಅಮ್ಮ ಬೈಯುತ್ತಿದ್ದ ಎಲ್ಲ ಮಾತಲ್ಲೂ.
ಗೆಥಿನ್ ಲಕೋಟೆ ಹಿಡಿದು ಸುಮ್ಮನೆ ನಿಂತ,
ಆಮೇಲೆ ಅವನ ಭುಜ ಕುಲುಕಿತು,
ಆಮೇಲೆ ನನ್ನದೂ.

ಕುಡಿದೆವು. ಒಣಗಲು, ಒಗರು,
ನಾಲಿಗೆಗೆ ಶಾಯಿ ಮೆತ್ತಿದ ಹಾಗೆ.
'ಹನ್ನೆರಡು ಇರಬಹುದು' ಅಂದ ಅವನು, ಕಿವಿ ಕೆಂಪಾಗಿ.
'ಕಳೆದುಳಿದದ್ದು ನಿಮ್ಮಣ್ಣನ ಲೆಕ್ಕಕ್ಕೆ.'

ಬಾಗಿಲ ಮೇಲೆ ಪ್ರಶ್ನೆಚಿಹ್ನೆ ಹಾಕು ಅಂದ.
ನಾನು ಪೆನ್ಸಿಲ್ ನೆಕ್ಕಿ
ಮೊದಲ ಅಂಕೆಯ ಜಾಗದಲ್ಲಿ 'ಚಹಾ' ಅಂತ ಬರೆದೆ.
ಕಡ್ಡಿ ತೊಳೆದು, ಒರೆಸಿ,
ಹತ್ತಿ ಹಾಸಿದ ಅದರ ಕೊಳವೆಯೊಳಗೆ ಮಲಗಿಸಿದೆ.
ಬಟ್ಟೆ ಕ್ಲಿಪ್ಪು ತೆಗೆದು
ಕೆಟಲು ಇಟ್ಟೆ.